ವೀಣೆಗೆ ಪಿಕಪ್ ಹಾಕಿದರೆ ಬರೀ ಗುಂಯ್! ಎಲ್ಲಾ ಮಾಡಿ ನೋಡಾಯ್ತು, ದಯವಿಟ್ಟು ಸಹಾಯ ಮಾಡಿ

ಮಂದ್ರಸ್ಥಾಯಿ
ಮನೆಯಲ್ಲಿ ವೀಣೆ ರೆಕಾರ್ಡ್ ಮಾಡಬೇಕು. ಪಿಕಪ್ (ವೀಣೆಯ ಕಂಪನ ಹಿಡಿಯೋ ಸಾಧನ) ಅಂಟಿಸಿ, ಯುಎಸ್‌ಬಿ ಇಂಟರ್‌ಫೇಸ್ (ಅದರ ಸಿಗ್ನಲ್ ಲ್ಯಾಪ್‌ಟಾಪ್‌ಗೆ ಕಳಿಸೋ ಪೆಟ್ಟಿಗೆ) ಮೂಲಕ ರೆಕಾರ್ಡ್ ಮಾಡ್ತಿದ್ದೀನಿ. ವೀಣೆಗಿಂತ ಜೋರಾಗಿ ಗುಂಯ್ ಅನ್ನೋ ಶಬ್ದವೇ ಬರ್ತಿದೆ. ನಾದ ತೆಳ್ಳಗೆ, ಕೀರಲಾಗಿದೆ. ಮಂದ್ರ, ಅನುಮಂದ್ರ ತಂತಿ ಇದ್ದೂ ಇಲ್ಲದ ಹಾಗೆ. ಡ್ರೈವರ್ ತೆಗೆದು ಮತ್ತೆ ಹಾಕಿದ್ದಾಯ್ತು, ಯುಎಸ್‌ಬಿ ಪೋರ್ಟ್ ಬದಲಾಯಿಸಿದ್ದಾಯ್ತು, ಹೊಸ ಕೇಬಲ್ ತಂದಿದ್ದೂ ಆಯ್ತು. ಗೇನ್ ಇಳಿಸಿದ್ರೆ ವೀಣೆಯೇ ಕೇಳಲ್ಲ, ಏರಿಸಿದ್ರೆ ಗುಂಯ್. ಸಾಫ್ಟ್‌ವೇರ್‌ನಲ್ಲಿ ನಾಯ್ಸ್ ರಿಡಕ್ಷನ್ ಹಾಕಿದ್ರೆ ಗಮಕದ ಕೊನೆಯೆಲ್ಲಾ ಕತ್ತರಿಸಿ ಹೋಗುತ್ತೆ. ಭಾನುವಾರದೊಳಗೆ ಎರಡು ಕೃತಿ ಕಳಿಸಬೇಕು. ಇಂಟರ್‌ಫೇಸ್ ಕೆಟ್ಟಿದೆಯಾ? ಹೊಸದು ತಗೊಳ್ಳಲಾ?

ಲೂಪ್‌ಭೈರವ
ಗ್ರೌಂಡ್ ಲೂಪ್ (ಅರ್ತ್‌ಗೆ ಎರಡು ದಾರಿ ಆಗಿ ಬರೋ ಗುಂಯ್). ನೂರಕ್ಕೆ ನೂರು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬರೀ ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡಿ.

ಮಂದ್ರಸ್ಥಾಯಿ
ಕಿತ್ತೆ. ಅರ್ಧ ಕಮ್ಮಿ ಆಯ್ತು, ಪೂರ್ತಿ ಹೋಗಿಲ್ಲ.

ಲೂಪ್‌ಭೈರವ
ಹೇಳಿದ್ನಲ್ಲ, ಲೂಪೇ. ಒಂದು ಯುಎಸ್‌ಬಿ ಐಸೊಲೇಟರ್ (ಯುಎಸ್‌ಬಿಯಲ್ಲಿ ಗ್ರೌಂಡ್ ದಾರಿ ಕಡಿಯೋ ಸಾಧನ) ತಗೊಳ್ಳಿ. ಇಲ್ಲಾಂದ್ರೆ ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಅದೂ ಆಗದಿದ್ರೆ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮೈಕ್ ಇನ್‌ಪುಟ್‌ಗೆ ಹೊಂದಿಸೋ ಪೆಟ್ಟಿಗೆ), ಅದರಲ್ಲಿ ಗ್ರೌಂಡ್ ಕಡಿಯೋ ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತೆ.

ಮಂದ್ರಸ್ಥಾಯಿ
ಸ್ಪೀಕರ್ ಇಲ್ಲ ಸರ್, ಹೆಡ್‌ಫೋನ್ ಮಾತ್ರ. ಐಸೊಲೇಟರ್ ಯಾವುದು ಒಳ್ಳೇದು?

ತಂತಿಪೆಟ್ಟಿಗೆ
ತಗೋಬೇಡಿ, ಸ್ವಲ್ಪ ತಡೀರಿ. ಲೂಪ್ ಆಗಬೇಕಾದ್ರೆ ಅರ್ತ್‌ಗೆ ಎರಡು ದಾರಿ ಇರಬೇಕು. ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದೆ, ಇಂಟರ್‌ಫೇಸ್‌ಗೆ ಕರೆಂಟ್ ಯುಎಸ್‌ಬಿಯಿಂದಲೇ ಬರ್ತಿದೆ, ಕೇಳೋದು ಹೆಡ್‌ಫೋನ್‌ನಲ್ಲಿ. ಗೋಡೆಯ ಸಾಕೆಟ್‌ಗೆ ಒಂದು ದಾರಿಯೂ ಇಲ್ಲದ ಮೇಲೆ ಲೂಪ್ ಎಲ್ಲಿಂದ ಬಂತು? ಆದರೂ ಗುಂಯ್ ಇದೆ ಅಂದ್ರೆ ಶಬ್ದ ಗಾಳಿಯಲ್ಲೇ ಬಂದು ಪಿಕಪ್ಪಿಗೋ ಕೇಬಲ್ಲಿಗೋ ಹತ್ತುತ್ತಿದೆ.

ಸ್ವರಮಂಡಲ48
ಪ್ರಾಜೆಕ್ಟ್‌ನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಶಬ್ದ ಅಳೆಯುತ್ತೆ ಅನ್ನೋದು) 44.1 ಕಿಲೋಹರ್ಟ್ಜ್‌ನಲ್ಲಿ ಇದೆಯಾ 48ರಲ್ಲಾ? ವಿಂಡೋಸ್ ಒಂದು ರೇಟ್‌ನಲ್ಲಿ, ಇಂಟರ್‌ಫೇಸ್ ಇನ್ನೊಂದರಲ್ಲಿ ಇದ್ರೂ ಕಿರಿಕಿರಿ ಶಬ್ದ ಬರುತ್ತೆ. ಎಲ್ಲವನ್ನೂ 48ಕ್ಕೆ ಇಡಿ.

ತಂತಿಪೆಟ್ಟಿಗೆ
ರೇಟ್ ತಪ್ಪಿದ್ರೆ ಟಿಕ್ ಟಿಕ್ ಅನ್ನುತ್ತೆ, ಅಥವಾ ಶ್ರುತಿಯೇ ಏರುಪೇರಾಗುತ್ತೆ. ಒಂದೇ ಸಮ ಗುಂಯ್ ಬರಲ್ಲ.

ಸ್ವರಮಂಡಲ48
ಹೇಗಿದ್ರೂ 48 ಒಳ್ಳೇದು. ವಿಡಿಯೋಗೆ ಅದೇ ಬೇಕು.

ಲೂಪ್‌ಭೈರವ
ಬರೀ ಆಡಿಯೋ ಕಳಿಸೋರಿಗೆ 44.1 ಸಾಕು. ಸಿಡಿ ಇರೋದೇ 44.1ರಲ್ಲಿ.

ಸ್ವರಮಂಡಲ48
ಈಗ ಸಿಡಿ ಯಾರು ಕೇಳ್ತಾರೆ?

ಬೆಸುಗೆ_ಧಾರವಾಡ
ಅದನ್ನ ಬ್ಯಾರೆ ಕಡೆ ಮಾತಾಡ್ರಿ. ಮಂದ್ರ ಅವರ, ಮುಖ್ಯ ವಿಷಯಾನ ನೀವು ಬರದಿಲ್ಲ. ಪಿಕಪ್ ಯಾವುದು, ಪಿಯೆಜೋನೋ (ಮರದ ಅಲುಗಾಟ ಹಿಡಿಯೂದು) ಮ್ಯಾಗ್ನೆಟಿಕ್ಕೋ (ಅಯಸ್ಕಾಂತದಿಂದ ತಂತಿ ಅಲುಗಾಟ ಹಿಡಿಯೂದು)? ವೀಣಿ ಮ್ಯಾಲ ಎಲ್ಲಿ ಹಚ್ಚೀರಿ? ಇಂಟರ್‌ಫೇಸಿನ ಯಾವ ತೂತಿಗೆ, ಎಂಥಾ ಕೇಬಲ್ಲಿನಾಗ ಸಿಕ್ಕಿಸೀರಿ? 48 ವೋಲ್ಟ್ ಬಟನ್ ಆನ್ ಐತೇನು?

ಮಂದ್ರಸ್ಥಾಯಿ
ಪಿಯೆಜೋ, ನಾಣ್ಯದ ಥರ ದುಂಡಗಿದೆ. ಕುದುರೆ (ತಂತಿಗಳು ಕೂರೋ ಸೇತುವೆ) ಪಕ್ಕ ಮೇಲ್ಹಲಗೆಗೆ ಟೇಪ್‌ನಲ್ಲಿ ಅಂಟಿಸಿದ್ದೀನಿ. ಪಿಕಪ್‌ನಿಂದ ದಪ್ಪ ಜ್ಯಾಕ್ ಬರುತ್ತೆ. ಅಂಗಡಿಯವರು ಒಂದು ಕನ್ವರ್ಟರ್ ಕೇಬಲ್ ಕೊಟ್ರು, ಆ ಕಡೆ ಮೂರು ಪಿನ್ ಇದೆ, ಅದನ್ನು ಮೈಕ್ ಇನ್‌ಪುಟ್‌ಗೆ ಹಾಕಿದ್ದೀನಿ. 48 ವೋಲ್ಟ್ ಆನ್ ಇದೆ, ಮೈಕ್‌ಗೆ ಬೇಕಲ್ವಾ?

ಬೆಸುಗೆ_ಧಾರವಾಡ
ಮೊದಲ 48 ವೋಲ್ಟ್ ಆಫ್ ಮಾಡ್ರಿ, ಅರ್ಧ ನಿಮಿಷ ಬಿಟ್ಟು ಕೇಬಲ್ ಕೀಳ್ರಿ. ಫ್ಯಾಂಟಮ್ (ಈ 48 ವೋಲ್ಟ್) ಬೇಕಾಗೂದು ಕಂಡೆನ್ಸರ್ ಮೈಕಿಗೆ, ಬರೇ ಪಿಯೆಜೋ ಬಿಲ್ಲೆಗಲ್ಲ. ಫ್ಯಾಂಟಮ್ ಬರೂದು 2 ಮತ್ತು 3ನೇ ಪಿನ್ನಿಗೆ, ಒಂದೊಂದಕ್ಕೂ 6.8 ಕಿಲೋಓಮ್ ರೆಸಿಸ್ಟರ್ ದಾಟಿ. ಕನ್ವರ್ಟರಿನಾಗ 3ನೇ ಪಿನ್ನ 1ಕ್ಕ ಜೋಡಿಸಿದ್ರ ಆ ಕಡೆಯಿಂದ ಸುಮಾರು 7 ಮಿಲಿಆಂಪ್ ಸುಮ್ನ ಗ್ರೌಂಡಿಗೆ ಹರೀತದ. 2ನೇ ಪಿನ್ನಿಂದ ನಿಮ್ಮ ಬಿಲ್ಲೆ ಮ್ಯಾಲ ಪೂರಾ 48 ವೋಲ್ಟ್ ಕುಂತಿರ್ತದ.

ಮಲ್ಟಿಮೀಟರ್ ಇದ್ರ ಕೇಬಲ್ಲಿನ ಕಂಟಿನ್ಯುಟಿ ನೋಡ್ರಿ. ಜ್ಯಾಕಿನ ತುದಿ 2ನೇ ಪಿನ್ನಿಗೆ, ಜ್ಯಾಕಿನ ಮೈ 1 ಮತ್ತು 3 ಎರಡಕ್ಕೂ ಬೀಪ್ ಅನ್ನಬೇಕು. ಅಗ್ಗದ ಕೇಬಲ್ಲಿನಾಗ 3ನೇ ಪಿನ್ನ ಹಂಗ ಬಿಟ್ಟಿರ್ತಾರ. ಅದು ಎಲ್ಲೂ ಕೂಡದೆ ನಿಂತ್ರ ಅದೊಂದ ಗುಂಯ್ ಅನ್ನಸಾಕ ಸಾಕು.

ತಂತಿಪೆಟ್ಟಿಗೆ
ನಾದ ತೆಳ್ಳಗಾಗಲು ಕಾರಣವೂ ಇಲ್ಲೇ ಇದೆ. ಪಿಯೆಜೋ ಅಂದ್ರೆ ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಕೆಪಾಸಿಟರ್. 27 ಮಿ.ಮೀ. ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡ್ ಇರುತ್ತೆ. ಅದರ ಮುಂದೆ ಇನ್‌ಪುಟ್‌ನ ರೆಸಿಸ್ಟೆನ್ಸ್ ಬಂದಾಗ ಒಂದು ಹೈಪಾಸ್ ಫಿಲ್ಟರ್ (ಕೆಳಗಿನ ಸ್ವರ ತಡೆದು ಮೇಲಿನದ್ದು ಬಿಡೋ ಜರಡಿ) ತಾನಾಗಿ ಆಗುತ್ತೆ. ಸ್ಕಾರ್ಲೆಟ್ 2ಐ2 ಮೂರನೇ ತಲೆಮಾರಿನ ಅಂಕಿ ಹಿಡಿದು ಲೆಕ್ಕ ಹಾಕೋಣ, ಆ ದರ್ಜೆಯ ಇಂಟರ್‌ಫೇಸ್‌ಗಳೆಲ್ಲಾ ಇದರ ಆಸುಪಾಸೇ. ಮೈಕ್ ಇನ್‌ಪುಟ್ 3 ಕಿಲೋಓಮ್, ಆಗ ಸುಮಾರು 2,650 ಹರ್ಟ್ಜ್‌ನಿಂದ ಕೆಳಗೆ ಎಲ್ಲಾ ಇಳಿಯುತ್ತಾ ಹೋಗುತ್ತೆ. ಲೈನ್ ಇನ್‌ಪುಟ್ 60 ಕಿಲೋಓಮ್, ಆಗ 133. ಇನ್‌ಸ್ಟ್ (ಇನ್‌ಸ್ಟ್ರುಮೆಂಟ್, ಅಂದ್ರೆ ವಾದ್ಯ) ಬಟನ್ ಒತ್ತಿದ್ರೆ 1.5 ಮೆಗಾಓಮ್, ಆಗ 5 ಹರ್ಟ್ಜ್.

ನಿಮ್ಮ ವೀಣೆ ಇ ಶ್ರುತಿಯಲ್ಲಿದ್ರೆ ಸಾರಣಿ ಸುಮಾರು 165 ಹರ್ಟ್ಜ್, ಪಂಚಮ 123, ಮಂದ್ರ 82, ಅನುಮಂದ್ರ 62. ಮೈಕ್ ಇನ್‌ಪುಟ್‌ನಲ್ಲಿ ಈ ನಾಲ್ಕೂ ತಂತಿಗಳ ಮೂಲಸ್ವರ ನೆಲ ಕಚ್ಚಿದೆ, ನೀವು ಕೇಳ್ತಿರೋದು ಬರೀ ಮೇಲಿನ ಉಪಸ್ವರಗಳು. ಕಳೆದುಹೋದ ನಾದ ತುಂಬೋಕೆ ಗೇನ್ ಪೂರ್ತಿ ಏರಿಸಿದ್ದೀರಿ, ಅದರ ಜೊತೆ ಗುಂಯ್ ಕೂಡ ಏರಿದೆ. ಕನ್ವರ್ಟರ್ ಬದಿಗಿಡಿ. ಪಿಕಪ್‌ನ ಜ್ಯಾಕ್ ನೇರವಾಗಿ ಕಾಂಬೊ ಸಾಕೆಟ್‌ನ (ಮೂರು ಪಿನ್, ಜ್ಯಾಕ್ ಎರಡೂ ಹಿಡಿಯೋ ಸಾಕೆಟ್) ನಡುವಿನ ತೂತಿಗೆ ಹಾಕಿ, ಇನ್‌ಸ್ಟ್ ಬಟನ್ ಒತ್ತಿ. ಗೇನ್ ಸೊನ್ನೆಯಿಂದ ಏರಿಸುತ್ತಾ ಬನ್ನಿ. ಜೋರಾಗಿ ಮೀಟಿದಾಗ ಮೀಟರ್ ಮೈನಸ್ 12 ಡಿಬಿ ದಾಟದಿದ್ರೆ ಸಾಕು, 24 ಬಿಟ್‌ನಲ್ಲಿ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಲೂಪ್‌ಭೈರವ
ಹಾಗಿದ್ರೆ ಚಾರ್ಜರ್ ಕಿತ್ತಾಗ ಅರ್ಧ ಕಮ್ಮಿ ಆಗಿದ್ದು ಯಾಕೆ? ಅದಕ್ಕೆ ಉತ್ತರ ಕೊಡಿ.

ತಂತಿಪೆಟ್ಟಿಗೆ
ಕೊಡ್ತೀನಿ. ಎರಡು ಪಿನ್ನಿನ ಚಾರ್ಜರ್ ಒಳಗೆ ಮೇನ್ಸ್ ಕಡೆಯಿಂದ ಔಟ್‌ಪುಟ್ ಕಡೆಗೆ ಒಂದು ಸಣ್ಣ ವೈ ಕೆಪಾಸಿಟರ್ ಇರುತ್ತೆ. ಅರ್ತ್ ಇಲ್ಲದ್ದರಿಂದ ಲ್ಯಾಪ್‌ಟಾಪ್‌ನ ಮೈ ನೆಲದ ಲೆಕ್ಕದಲ್ಲಿ ನೂರು ವೋಲ್ಟ್ ಆಸುಪಾಸಿನಲ್ಲಿ ತೇಲ್ತಾ ಇರುತ್ತೆ. ಕರೆಂಟ್ ತೀರಾ ಕಮ್ಮಿ, ಹಾಗಾಗಿ ಲೋಹದ ಮೈ ಸವರಿದ್ರೆ ಜುಮ್ಮೆನ್ನುತ್ತೆ ಅಷ್ಟೆ. ಆದರೆ ಇಂಟರ್‌ಫೇಸ್‌ನ ಗ್ರೌಂಡ್, ಪಿಕಪ್ ಕೇಬಲ್‌ನ ಶೀಲ್ಡ್ ಎಲ್ಲಾ ಅದರ ಜೊತೆಗೇ ತೇಲುತ್ತೆ. ನಿಮ್ಮ ಮೈ, ವೀಣೆ, ತಂತಿ ತೇಲೋದಿಲ್ಲ. ಆ ವ್ಯತ್ಯಾಸ ಪಿಯೆಜೋಗೆ ನುಗ್ಗುತ್ತೆ.
ಪರೀಕ್ಷೆ ಸುಲಭ: ರೆಕಾರ್ಡ್ ಆಗ್ತಿರುವಾಗ ಇಂಟರ್‌ಫೇಸ್‌ನ ಲೋಹದ ಮೈ ಮೇಲೆ ಬರಿಗೈ ಇಡಿ. ಗುಂಯ್ ತಗ್ಗಿದ್ರೆ ಇದೇ ಕಾರಣ.

ಶ್ರುತಿಸ್ನೇಹಿ
ಚಾರ್ಜರ್ ತ್ರೀ ಪಿನ್ ಆದ್ರೆ ಮೇಲಿನ ದಪ್ಪ ಪಿನ್‌ಗೆ ಟೇಪ್ ಸುತ್ತಿ ಹಾಕಿ, ಹಮ್ ಹೋಗುತ್ತೆ. ಸ್ಟೇಜ್‌ನಲ್ಲೂ ಹಾಗೇ ಮಾಡ್ತಾರೆ.

ಬೆಸುಗೆ_ಧಾರವಾಡ
ದಯಮಾಡಿ ಯಾರೂ ಹಿಂಗ ಮಾಡಬ್ಯಾಡ್ರಿ. ಒಳಗ ಇನ್ಸುಲೇಷನ್ ಕೈಕೊಟ್ರ 230 ವೋಲ್ಟ್ ಸೀದಾ ಲ್ಯಾಪ್‌ಟಾಪಿನ ಮೈಗೆ, ಅಲ್ಲಿಂದ ಕೇಬಲ್ಲಿಗೆ ಬರ್ತದ. ವೀಣಿ ನುಡಸಾವರ ಎರಡೂ ಕೈ ಲೋಹದ ತಂತಿ ಮ್ಯಾಲ ಇರ್ತಾವ. ಮ್ಯಾಗ್ನೆಟಿಕ್ ಪಿಕಪ್ ಹಾಕಿ ತಂತಿ ಗ್ರೌಂಡ್ ಮಾಡಿದವರಿಗಂತೂ ಜೀವಕ್ಕ ಅಪಾಯ. ಅರ್ತ್ ತಗೀಬ್ಯಾಡ್ರಿ, ಇಲ್ಲದಿದ್ರ ಹಾಕಸ್ರಿ.

ಹಳೇ ಮನಿಯೊಳಗ ಸಾಕೆಟ್ಟಿಗೆ ಮೂರು ತೂತು ಇರ್ತಾವ, ಹಿಂದ ಅರ್ತ್ ವೈರ್ ಇರೂದಿಲ್ಲ. ಎಲೆಕ್ಟ್ರಿಷಿಯನ್ ಕರದು ನೋಡಸ್ರಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230, ಫೇಸ್‌ನಿಂದ ಅರ್ತ್‌ಗೂ ಹೆಚ್ಚೂಕಮ್ಮಿ ಅಷ್ಟ, ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೆರಡು ವೋಲ್ಟ್ ಬರಬೇಕು. ಫೇಸ್‌ನಿಂದ ಅರ್ತ್‌ಗೆ ಎಂಬತ್ತು, ನೂರು ಅಂತ ಓಲಾಡಿದ್ರ ಅರ್ತ್ ಕಡದೈತಿ ಅಂತ ತಿಳೀರಿ. ನ್ಯೂಟ್ರಲ್ಲನ್ನ ಅರ್ತ್ ಪಿನ್ನಿಗೆ ಜೋಡಿಸಿ ಕೊಡ್ತೀನಿ ಅಂದವರನ್ನ ವಾಪಸ್ ಕಳಸ್ರಿ.

ಕಡಲತೀರ_ಮೈಕ್
ಅಲ್ಲ ಮಾರಾಯ್ರೆ, ವೀಣೆಗೆ ಪಿಯೆಜೋ ಯಾಕೆ ಬೇಕು? ನಮ್ಮ ರೂಮಿಗೆ 50 ಮಿ.ಮೀ. ರಾಕ್‌ವೂಲ್ (ಪ್ರತಿಧ್ವನಿ ಹೀರುವ ಕಲ್ಲುನಾರು) ಪ್ಯಾನಲ್ ಹಾಕಿ, ಗೋಡೆಯಿಂದ 50 ಮಿ.ಮೀ. ಬಿಟ್ಟು ನಿಲ್ಲಿಸಿದ್ದೇವೆ. ರೋಡ್ ಎನ್‌ಟಿ5 ಮೈಕ್ ಜೋಡಿ, ಬೇಬಿಫೇಸ್ ಇಂಟರ್‌ಫೇಸ್, ಎಚ್‌ಡಿ 600 ಹೆಡ್‌ಫೋನ್. ಗುಂಯ್ ಅನ್ನುವ ಪ್ರಶ್ನೆಯೇ ಇಲ್ಲ.

ಶ್ರುತಿಸ್ನೇಹಿ
ರಾಕ್‌ವೂಲ್ ಎಷ್ಟು ಡೆನ್ಸಿಟಿ? ಮೊಟ್ಟೆ ಟ್ರೇ ಅಂಟಿಸಿದ್ರೆ ಸಾಲದಾ?

ಕಡಲತೀರ_ಮೈಕ್
ಘನಮೀಟರಿಗೆ 48 ಕಿಲೋದ್ದು. ಬಟ್ಟೆ ಹೊದೆಸದೆ ಇಡಬೇಡಿ, ನಾರು ಉದುರುತ್ತದೆ. ಮೊಟ್ಟೆ ಟ್ರೇಯಿಂದ ಏನೂ ಆಗುವುದಿಲ್ಲ, ಬೆಂಕಿ ತಗುಲಿದರೆ ಹತ್ತಿಕೊಳ್ಳುತ್ತದೆ ಅಷ್ಟೆ.

ಮಂದ್ರಸ್ಥಾಯಿ
ರಸ್ತೆ ಪಕ್ಕದ ಮನೆ ಸರ್, ಮೈಕ್ ಇಟ್ರೆ ಹಾರ್ನ್ ಎಲ್ಲಾ ಬರುತ್ತೆ. ಅದಕ್ಕೇ ಪಿಯೆಜೋ. ಈಗ ಜ್ಯಾಕ್ ನೇರ ಹಾಕಿ ಇನ್‌ಸ್ಟ್ ಒತ್ತಿದೆ. ಅನುಮಂದ್ರ ತುಂಬಿ ಬರ್ತಿದೆ! ಗೇನ್ ಮುಕ್ಕಾಲು ಇದ್ದದ್ದು ಕಾಲು ಭಾಗಕ್ಕೆ ಇಳೀತು. ದಪ್ಪ ಗುಂಯ್ ಬಹಳ ಕಮ್ಮಿ ಆಗಿದೆ, ಆದರೆ ಅದರ ಮೇಲೆ ಸಣ್ಣಗೆ ಝುಯ್ ಅಂತ ಇನ್ನೊಂದು ಶಬ್ದ ಉಳ್ಕೊಂಡಿದೆ. ಇಂಟರ್‌ಫೇಸ್ ಮುಟ್ಟಿದ್ರೂ ಅದು ಹೋಗಲ್ಲ. 50 ಹರ್ಟ್ಜ್‌ಗೂ 150ಕ್ಕೂ ನಾಚ್ ಫಿಲ್ಟರ್ (ಆ ಒಂದು ಜಾಗದ ಶಬ್ದ ಮಾತ್ರ ಕತ್ತರಿಸೋದು) ಹಾಕಲಾ?

ತಂತಿಪೆಟ್ಟಿಗೆ
150ಕ್ಕೆ ಬೇಡ. ಇ ಶ್ರುತಿಯಲ್ಲಿ ಮಂದ್ರದ ಕೈಶಿಕಿ ನಿಷಾದ 147 ಹರ್ಟ್ಜ್ ಹತ್ತಿರ ಬರುತ್ತೆ. ಅಲ್ಲಿ ನಾಚ್ ಇದ್ರೆ ನಿಷಾದದ ಗಮಕ ಏರಿಳಿಯುವಾಗ ಒಂದು ಜಾಗದಲ್ಲಿ ನಾದ ಮಾಯವಾಗಿ ಮತ್ತೆ ಬರುತ್ತೆ. ಮೂಲ ಹುಡುಕೋಣ.

ಆಡಾಸಿಟಿಯಲ್ಲಿ (ರೆಕಾರ್ಡಿಂಗ್ ಸಾಫ್ಟ್‌ವೇರ್) ಏನೂ ನುಡಿಸದೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಸೆಲೆಕ್ಟ್ ಮಾಡಿ, ಅನಲೈಜ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ, ಸೈಜ್ 16384 ಇಡಿ. ಶಿಖರ ಮುಖ್ಯವಾಗಿ 50ರಲ್ಲಿದ್ರೆ ಮೇನ್ಸ್ ನೇರವಾಗಿ ತಗುಲುತ್ತಿದೆ. 150, 250, 350 ಅಂತ ಸಾಲಾಗಿ ಮೇಲೆ ಸಾವಿರಾರು ಹರ್ಟ್ಜ್‌ವರೆಗೆ ಹೋಗಿದ್ರೆ ಕರೆಂಟಿನ ಅಲೆಯನ್ನು ಯಾವುದೋ ಸಾಧನ ಅರ್ಧರ್ಧಕ್ಕೆ ಕತ್ತರಿಸ್ತಿದೆ ಅಂತ ಅರ್ಥ. ಅಲೆಯ ಎರಡೂ ಅರ್ಧ ಒಂದೇ ಥರ ಕಡಿದಾಗ 50ರ ಬೆಸ ಗುಣಕಗಳೇ ಮುಖ್ಯವಾಗಿ ಬರೋದು.

ಮಂದ್ರಸ್ಥಾಯಿ
150ರಿಂದ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಇದೆ.

ಬೆಸುಗೆ_ಧಾರವಾಡ
ಫ್ಯಾನ್ ರೆಗ್ಯುಲೇಟರ್. ಹಂತ ಇಲ್ಲದೆ ನುಣ್ಣಗ ತಿರುಗೂ ಗುಂಡಿ ಐತೇನು? ಅದರಾಗ ಟ್ರಯಾಕ್ ಇರ್ತದ. ಪ್ರತಿ ಅರ್ಧ ಅಲೀನೂ ನಡುವ ಕಡಿದು ಕೊಡ್ತದ. ನಡುವಿನ ವೇಗದಾಗ ಅದರ ಗದ್ದಲ ಎಲ್ಲಕ್ಕಿಂತ ಜಾಸ್ತಿ. ಫ್ಯಾನಿನ ಸ್ವಿಚ್ ಆಫ್ ಮಾಡಿ ಕೇಳ್ರಿ. ಹ್ವಾದ್ರ, ಟಕ್ ಟಕ್ ಅಂತ ನಾಲ್ಕೈದು ಹಂತದಾಗ ತಿರುಗೂ ಕೆಪಾಸಿಟರ್ ರೆಗ್ಯುಲೇಟರ್ ಹಾಕಸ್ರಿ, ಅದು ಅಲೀನ ಕಡಿಯೂದಿಲ್ಲ. ಡಿಮ್ಮರ್ ಇರೂ ಎಲ್‌ಇಡಿ ದೀಪಾನೂ ಆಫ್ ಮಾಡಿ ನೋಡ್ರಿ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲ ರೆಕಾರ್ಡ್ ಮಾಡಬ್ಯಾಡ್ರಿ, ಅದು ಮನೀ ವೈರಿಂಗ್ ತುಂಬ ಗದ್ದಲ ಹಬ್ಬಸ್ತದ.

ಬಿಲ್ಲೇಗೂ ಶೀಲ್ಡ್ ಮಾಡ್ರಿ. ಮೊದಲ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯದ ಟೇಪ್) ಸುತ್ತಿ ಪೂರಾ ಮುಚ್ರಿ. ಅದರ ಮ್ಯಾಲ ತಾಮ್ರದ ಫಾಯಿಲ್ ಟೇಪ್ ಸುತ್ತಿ, ಫಾಯಿಲ್ಲನ್ನ ಕೇಬಲ್ಲಿನ ಹೊರ ಜಾಳಿಗಿಗೆ ಸೋಲ್ಡರ್ ಮಾಡ್ರಿ. ನಡುವಿನ ವೈರಿಗೆ ಫಾಯಿಲ್ ತಾಗಿದ್ರ ಶಬ್ದಾನ ಬರೂದಿಲ್ಲ. ಸೋಲ್ಡರಿಂಗ್ ಐರನ್ ಬಿಲ್ಲೀ ನಡುವಿನ ಬಿಳೀ ಭಾಗದ ಮ್ಯಾಲ ಒಂದೆರಡು ಸೆಕೆಂಡಿಗಿಂತ ಜಾಸ್ತಿ ಇಡಬ್ಯಾಡ್ರಿ, ಬೆಳ್ಳಿ ಲೇಪ ಎದ್ದು ಬರ್ತದ. ಕೇಬಲ್ ಮೂರು ಮೀಟರ್ ಒಳಗ ಇರ್ಲಿ.

ಮಂದ್ರಸ್ಥಾಯಿ
ಫ್ಯಾನ್ ಆಫ್ ಮಾಡಿದ ತಕ್ಷಣ ಝುಯ್ ನಿಂತುಹೋಯ್ತು! ಬ್ಯಾಟರಿ ಮೇಲೆ, ಫ್ಯಾನ್ ಇಲ್ಲದೆ, ಸುಮ್ಮನಿದ್ದಾಗ ಮೀಟರ್ ಮೈನಸ್ 70ರ ಕೆಳಗಿದೆ. ತುಂಬಾ ಧನ್ಯವಾದ. ಈಗ ಸ್ವಚ್ಛವಾಗಿ ಕೇಳೋದ್ರಿಂದ ಬೆರಳು ಮೆಟ್ಟಿಲ ಮೇಲೆ ಬೀಳೋ ಟೊಕ್ ಟೊಕ್ ಶಬ್ದ ಎದ್ದು ಕಾಣ್ತಿದೆ. ಇದಕ್ಕೇನು ಮಾಡೋದು?

ಕಡಲತೀರ_ಮೈಕ್
ಅದಕ್ಕೇ ಮೈಕ್ ಇಡಿ ಅಂದದ್ದು. ಪಿಯೆಜೋ ಮರದ ಅಲುಗಾಟ ಹಿಡಿಯುವುದು, ಬೆರಳಿನ ಪೆಟ್ಟೂ ಅದಕ್ಕೆ ನಾದವೇ. ಬೆಳಗಿನ ಜಾವ ರಸ್ತೆ ಖಾಲಿ ಇರುವಾಗ ಕುಡದಿಂದ (ವೀಣೆಯ ದೊಡ್ಡ ದುಂಡು ಭಾಗ) 35 ಸೆಂ.ಮೀ. ದೂರದಲ್ಲಿ ಒಂದು ಕಂಡೆನ್ಸರ್ ಇಡಿ, ಅದಕ್ಕೆ 48 ವೋಲ್ಟ್ ಕೊಡಿ. ಮುಖ ಕುದುರೆ ಕಡೆಗಿರಲಿ, ಎಡಗೈ ಕಡೆಗೆ ಬೇಡ. ಪಿಯೆಜೋ ಎರಡನೇ ಚಾನೆಲ್‌ಗೆ ಹಾಕಿ, ಮಂದ್ರದ ತುಂಬುವಿಕೆಗೆ ಬೇಕಾದಷ್ಟೇ ಬೆರೆಸಿ.

ಬೆಸುಗೆ_ಧಾರವಾಡ
ಹಂಗ ಹಾಕೂ ಮುಂದ ಒಂದು ನೋಡ್ರಿ. ಕೆಲವು ಇಂಟರ್‌ಫೇಸಿನಾಗ 48 ವೋಲ್ಟ್ ಬಟನ್ ಎರಡೂ ಚಾನೆಲ್ಲಿಗೆ ಒಂದ ಇರ್ತದ. ಫ್ಯಾಂಟಮ್ ಹೋಗೂದು ಮೂರು ಪಿನ್ನಿಗೆ ಮಾತ್ರ, ನಡುವಿನ ಜ್ಯಾಕಿಗಲ್ಲ, ಹಿಂಗಾಗಿ ಜ್ಯಾಕಿನಾಗ ಇದ್ದ ಪಿಯೆಜೋಗೆ ತೊಂದ್ರಿ ಇಲ್ಲ. ಆ ಹಳೇ ಕನ್ವರ್ಟರ್ ಮಾತ್ರ ಮತ್ತ ಸಿಕ್ಕಸಬ್ಯಾಡ್ರಿ.

ತಂತಿಪೆಟ್ಟಿಗೆ
ಎರಡನ್ನೂ ಬೆರೆಸುವಾಗ ಪಿಯೆಜೋ ಟ್ರ್ಯಾಕ್ ತಡ ಮಾಡಬೇಕು. ಶಬ್ದ 34 ಸೆಂ.ಮೀ. ದಾಟೋಕೆ ಸುಮಾರು 1 ಮಿಲಿಸೆಕೆಂಡ್ ಬೇಕು, ಪಿಯೆಜೋಗೆ ಮರದೊಳಗಿನಿಂದ ಮೊದಲೇ ಮುಟ್ಟಿರುತ್ತೆ. 48 ಕಿಲೋಹರ್ಟ್ಜ್‌ನಲ್ಲಿ 48 ಸ್ಯಾಂಪಲ್, 44.1ರಲ್ಲಿ 44 ಸ್ಯಾಂಪಲ್ ತಡವಾಗುವಂತೆ ಬಲಕ್ಕೆ ಸರಿಸಿ. ಆಮೇಲೆ ಪಿಯೆಜೋದ ಪೊಲಾರಿಟಿ ಬಟನ್ (ಅಲೆಯನ್ನು ತಲೆಕೆಳಗು ಮಾಡೋದು) ಒತ್ತಿ, ಬಿಟ್ಟು ಕೇಳಿ. ಯಾವ ಕಡೆ ಅನುಮಂದ್ರ ಗಟ್ಟಿಯಾಗಿ ಕೇಳುತ್ತೋ ಅದನ್ನು ಇಟ್ಟುಕೊಳ್ಳಿ.

ಸ್ವರಮಂಡಲ48
48ರಲ್ಲಿ ಲೆಕ್ಕ ಎಷ್ಟು ಸಲೀಸು ನೋಡಿ.

ಲೂಪ್‌ಭೈರವ
ಅದಕ್ಕೂ ಇದಕ್ಕೂ ಏನು ಸಂಬಂಧ? ಮಂದ್ರ ಅವರೇ, ಚಾರ್ಜರ್ ಹಾಕಿ, ಫ್ಯಾನ್ ಆಫ್ ಇಟ್ಟು ಒಮ್ಮೆ ರೆಕಾರ್ಡ್ ಮಾಡಿ ಹಾಕಿ. ಅದರಲ್ಲಿ ಹಮ್ ಬಂದ್ರೆ ನಾನು ಹೇಳಿದ್ದೇ ಸರಿ.

ಯಕ್ಷಚಂಡೆ
ಇಲ್ಲೇ ಕೇಳ್ತೇನೆ, ಚಂಡೆ ರೆಕಾರ್ಡ್ ಮಾಡುವಾಗ ಗೇನ್ ಸೊನ್ನೆಗೆ ಇಟ್ಟರೂ ಕೆಂಪು ದೀಪ ಹತ್ತುತ್ತದೆ. ಕಂಡೆನ್ಸರ್ ಮೈಕ್, ಒಂದಡಿ ದೂರ.

ತಂತಿಪೆಟ್ಟಿಗೆ
ಮೈಕ್‌ನಲ್ಲಿ ಪ್ಯಾಡ್ ಸ್ವಿಚ್ (ಸಿಗ್ನಲ್ ತಗ್ಗಿಸೋದು) ಇದ್ರೆ ಮೈನಸ್ 10 ಅಥವಾ 20 ಡಿಬಿಗೆ ಹಾಕಿ, ದೂರ ಒಂದೂವರೆ ಮೀಟರ್ ಮಾಡಿ. ಇಲ್ಲದಿದ್ರೆ ಎಸ್‌ಎಂ57 ಥರದ ಡೈನಮಿಕ್ ಮೈಕ್ ಬಳಸಿ. ಮೈಕ್ ಮಾಡೆಲ್, ಇಂಟರ್‌ಫೇಸ್ ಎರಡೂ ಬರೆದು ಹೊಸ ಚರ್ಚೆ ತೆರೆಯಿರಿ.