ಮನೆಶಾಲೆ ಪಾಲಕರ ಪ್ರಶ್ನೋತ್ತರ: ಓದದ ಹುಡುಗ, ಕಾಸಿದ ಎಣ್ಣೆ ಮತ್ತು ಉಳಿದ ಪ್ರಶ್ನೆಗಳು

ನಿರ್ವಾಹಕರು: ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗಗಳಲ್ಲಿ ಮಕ್ಕಳಿಗೆ ಮನೆಯಲ್ಲಿಯೇ ಕಲಿಸುತ್ತಿರುವ ಪಾಲಕರ ಪ್ರಶ್ನೆಗಳಿಗೆ ಇಂದು ಸಂಜೆ ಅಕ್ಕೋರು ಉತ್ತರಿಸಲಿದ್ದಾರೆ. ಅವರು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ, ಬಳಿಕ ಶಿಕ್ಷಕರಿಗೆ ತರಬೇತಿ ನೀಡಿ ಧಾರವಾಡದಲ್ಲಿ ನಿವೃತ್ತರಾದವರು. ಓದು ಹಿಂದುಳಿದ ಮಕ್ಕಳಿಗೆ ಈಗಲೂ ಕಲಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಸಂದೇಶಗಳನ್ನು ಹಾಕಬಾರದೆಂದು ವಿನಂತಿ.

ಗದಗಿನ ತಂದೆ: ಅಕ್ಕೋರಿಗೆ ನಮಸ್ಕಾರಗಳು. ನನ್ನ ಮಗಳಿಗೆ ಹದಿಮೂರು ವರ್ಷ, ಎರಡು ವರ್ಷಗಳಿಂದ ಮನೆಯಲ್ಲಿಯೇ ಓದುತ್ತಿದ್ದಾಳೆ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸಲು ಎಷ್ಟು ವರ್ಷ ತುಂಬಿರಬೇಕು?

ಅಕ್ಕೋರು: 14 ತುಂಬಿರಬೇಕು. ಕನಿಷ್ಠ ಐದು ವಿಷಯಗಳು, ಅವುಗಳಲ್ಲಿ ಒಂದಾದರೂ ಭಾಷೆ ಇರಬೇಕು. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಪರೀಕ್ಷೆ ನಡೆಯುತ್ತದೆ. ನೋಂದಣಿ 5 ವರ್ಷ ಊರ್ಜಿತವಾಗಿರುವುದರಿಂದ ಐದೂ ವಿಷಯಗಳನ್ನು ಒಮ್ಮೆಗೇ ಮುಗಿಸಬೇಕೆಂಬ ಅವಸರವಿಲ್ಲ; ಅವಳಿಗೆ ಹಿಡಿತವಿರುವ ಎರಡು ವಿಷಯಗಳನ್ನು ಮೊದಲು ಬರೆಸಿರಿ.

ಹಾವೇರಿಯ ತಾಯಿ: ಅಕ್ಕೋರೇ, ನನ್ನ ಮಗನಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಅವನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಹಾಕಿದ್ದರಿಂದ ಕಳೆದ ವರ್ಷ ಬಿಡಿಸಿ ಮನೆಯಲ್ಲಿ ಕಲಿಸುತ್ತಿದ್ದೇನೆ. ಎರಡನೆಯ ತರಗತಿಯ ಪುಸ್ತಕವನ್ನು ಗಡಗಡನೆ ಓದುತ್ತಾನೆ, ಆದರೆ ಅದೇ ಶಬ್ದವನ್ನು ಹಾಳೆಯ ಮೇಲೆ ಬರೆದು ತೋರಿಸಿದರೆ ಸುಮ್ಮನೆ ಕೂರುತ್ತಾನೆ. ಉಕ್ತಲೇಖನದಲ್ಲಿ ‘ಹಸಿರು’ ಎಂದರೆ ‘ಹತಿರು’ ಎಂದೂ ‘ಪೇಟೆ’ ಎಂದರೆ ‘ಬೇಟೆ’ ಎಂದೂ ಬರೆಯುತ್ತಾನೆ. ಒಂದೇ ಮಾತನ್ನು ಎರಡು ಮೂರು ಸಲ ಹೇಳಿಸಿಕೊಳ್ಳುತ್ತಾನೆ, ಟಿವಿಯ ಸದ್ದನ್ನು ಯಾವಾಗಲೂ ಏರಿಸುತ್ತಾನೆ. ಅದು ಅವನ ಹಟವೆಂದು ನಮ್ಮ ಮನೆಯವರ ಅಭಿಪ್ರಾಯ. ಮಳೆಗಾಲ ಬಂದರೆ ನೆಗಡಿ ಬಿಡುವುದೇ ಇಲ್ಲ. ನಾನು ಕಲಿಸುವ ರೀತಿಯಲ್ಲಿಯೇ ತಪ್ಪಿದೆಯೇ? ಮರಳಿ ಶಾಲೆಗೆ ಹಾಕಬೇಕೇ?

ಅಕ್ಕೋರು: ತಂಗೀ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಶಾಲೆಗೆ ಹಾಕಬೇಕೇ ಎಂಬ ಮಾತನ್ನು ಸದ್ಯ ಪಕ್ಕಕ್ಕಿಡಿ, ಏಕೆಂದರೆ ನೀವು ಕೊನೆಯಲ್ಲಿ ಹೇಳಿದ ಮೂರು ಸಂಗತಿಗಳೇ, ಅಂದರೆ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುವುದು, ಟಿವಿಯ ಸದ್ದು ಮತ್ತು ಬಿಡದ ನೆಗಡಿಯೇ, ನನಗೆ ಮೊದಲು ಕಾಣುತ್ತಿವೆ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ತುಂಬಿ ನಿಲ್ಲುವುದುಂಟು. ನೋವಿರುವುದಿಲ್ಲ, ಕಿವಿ ಸೋರುವುದೂ ಇಲ್ಲ. ಕಿವಿಯಲ್ಲಿ ಅರಳೆ ಇಟ್ಟುಕೊಂಡವರಂತೆ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಅಂಥ ಮಗುವಿಗೆ ಸ್ವರಗಳು ಕೇಳಿಸುತ್ತವೆ, ಮೆಲುವಾದ ವ್ಯಂಜನಗಳು ಜಾರುತ್ತವೆ. ‘ಸಿ’ ಇದ್ದಲ್ಲಿ ‘ತಿ’, ‘ಪೇ’ ಇದ್ದಲ್ಲಿ ‘ಬೇ’ ಬರೆಯುತ್ತಿದ್ದಾನೆಂದು ನೀವೇ ಹೇಳಿದ್ದೀರಿ. ಗುಣಿತದ ಚಿಹ್ನೆಗಳು ಎರಡರಲ್ಲಿಯೂ ಸರಿಯಾಗಿವೆ ಎಂಬುದನ್ನು ಗಮನಿಸಿರಿ. (‘ಧಾರವಾಡ’ವನ್ನು ‘ದಾರವಾಡ’ ಎಂದು ಬರೆದಿದ್ದರೆ ನಾನು ಕಿವಿಯನ್ನು ಶಂಕಿಸುತ್ತಿರಲಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಮಹಾಪ್ರಾಣಗಳು ಸವೆದುಹೋಗಿರುವುದರಿಂದ ಮಗು ಕೇಳಿದ್ದನ್ನೇ ಬರೆದಿರುತ್ತದೆ.)

ಇಂದು ರಾತ್ರಿ ಮನೆಯ ಸದ್ದಡಗಿದ ಮೇಲೆ ಅವನ ಬೆನ್ನ ಹಿಂದೆ ಒಂದು ತೋಳಿನ ಅಂತರದಲ್ಲಿ ನಿಂತು, ಒಂದು ಕಿವಿಯನ್ನು ಅವನೇ ಮುಚ್ಚಿಕೊಳ್ಳುವಂತೆ ಹೇಳಿ, ಪಿಸುಮಾತಿನಲ್ಲಿ ಎರಡು ಮೂರು ಅಂಕಿಗಳನ್ನು ನುಡಿಯಿರಿ. ಅವನು ಮರುನುಡಿಯುತ್ತಾನೆಯೇ ನೋಡಿರಿ. ನಂತರ ಇನ್ನೊಂದು ಕಿವಿ. ಇದು ಸುಳಿವು ಮಾತ್ರ. ಸರಿಯಾಗಿ ಹೇಳಿದನೆಂದು ಸಮಾಧಾನಪಟ್ಟು ಕೂರಬೇಡಿ, ಏನೇ ಆದರೂ ಈ ವಾರ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ, ಶ್ರವಣ ಪರೀಕ್ಷೆಯ ಜೊತೆಗೆ ಟಿಂಪನೋಮೆಟ್ರಿಯನ್ನೂ ಕೇಳಿರಿ. ಕಿವಿಯೊಳಗೆ ಹಗುರವಾಗಿ ಒತ್ತಡ ಹಾಕಿ ತಮಟೆ ಅಲುಗುತ್ತದೆಯೇ ಎಂದು ನೋಡುವ ಈ ಪರೀಕ್ಷೆ ಕೆಲವೇ ನಿಮಿಷಗಳದ್ದು, ನೋವಿಲ್ಲದ್ದು. ಹಾವೇರಿಯಲ್ಲಿ ಆಗದಿದ್ದರೆ ಹುಬ್ಬಳ್ಳಿಗೆ ಬನ್ನಿರಿ. ಕಣ್ಣನ್ನೂ ತೋರಿಸಿರಿ. ಕಿವಿ ಕಣ್ಣು ಎರಡೂ ಸರಿಯಿದ್ದು ಓದು ಮಾತ್ರ ಏಳದಿದ್ದರೆ ನಿರ್ದಿಷ್ಟ ಕಲಿಕಾ ನ್ಯೂನತೆಯ (ಬುದ್ಧಿಯಿದ್ದೂ ಓದು-ಬರಹ ಮಾತ್ರ ಕಷ್ಟವಾಗುವ ಸ್ಥಿತಿಯ) ಮೌಲ್ಯಮಾಪನಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಅದೂ ಸೇರಿದೆ. ಆದರೆ ಕೇಳಿಸದ ಮಗುವಿಗೆ ಆ ಹೆಸರನ್ನು ಹಚ್ಚುವುದು ಅನ್ಯಾಯ, ಆದ್ದರಿಂದಲೇ ಕಿವಿ ಮೊದಲು.

ಇನ್ನು ಗಡಗಡನೆ ಓದುವ ಮಾತು. ಅವನು ಓದುತ್ತಿಲ್ಲ, ಪುಟವನ್ನು ಬಾಯಿಪಾಠ ಮಾಡಿದ್ದಾನೆ. ಹಿಂದಿನ ಬೆಂಚಿನಲ್ಲಿ ಕುಳಿತು ಅಕ್ಷರವೂ ಸರಿಯಾಗಿ ಕೇಳದೆ ಇಡೀ ಪುಸ್ತಕವನ್ನು ನೆನಪಿನಲ್ಲಿ ಹಿಡಿದ ಹುಡುಗನನ್ನು ದಡ್ಡನೆಂದವರಿಗೆ ಏನು ಹೇಳಬೇಕೋ ನನಗೆ ತಿಳಿಯದು. ಆ ಪುಸ್ತಕವನ್ನು ಕೆಲವು ದಿನ ಎತ್ತಿಡಿ. ನಮ್ಮ ಊರುಗಳ ಹೆಸರುಗಳನ್ನು ಬಸ್ಸಿನ ಫಲಕದಂತೆ ಚೀಟಿಗಳಲ್ಲಿ ದಪ್ಪಗೆ ಬರೆಯಿರಿ. ಮೊದಲು ‘ಗದಗ’, ಹಿಂದಿನಿಂದ ಓದಿದರೂ ಅದೇ ಬರುವುದರಿಂದ ಮಕ್ಕಳು ನಗುತ್ತಾರೆ. ಆಮೇಲೆ ಗುಣಿತ ಬರುವ ಹಾವೇರಿ, ಸವಣೂರು, ಕಲಘಟಗಿ. ಬಳಿಕ ಸೊನ್ನೆ ಸೇರುವ ಬಂಕಾಪುರ, ನವಲಗುಂದ, ಮುಂಡರಗಿ. ಅವು ಗಟ್ಟಿಯಾದ ಮೇಲೆ ತನ್ನದೇ ಒತ್ತು ಪಡೆಯುವ ಹುಬ್ಬಳ್ಳಿ, ಅಣ್ಣಿಗೇರಿ, ರಾಣೇಬೆನ್ನೂರು. ಕೊನೆಗೆ ಬ್ಯಾಡಗಿ, ಎಲ್ಲಕ್ಕಿಂತ ಕೊನೆಗೆ ಲಕ್ಷ್ಮೇಶ್ವರ. ಅದರಲ್ಲಿ ಕ, ಷ, ಮ ಮೂರೂ ಒಂದೇ ಗಂಟಾಗಿವೆ, ದೊಡ್ಡವರೇ ತಪ್ಪು ಬರೆಯುತ್ತಾರೆ. ದಿನಕ್ಕೆ ಮೂರು ಚೀಟಿ ಸಾಕು. ಕನ್ನಡದ 34 ವ್ಯಂಜನಗಳಿಗೆ 13 ಸ್ವರ ಮತ್ತು 2 ಯೋಗವಾಹಗಳನ್ನು ಕೂಡಿಸಿದರೆ 510 ರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ನಾಲ್ಕನೆಯ ತರಗತಿಯ ಮಗು ಒತ್ತಿನಲ್ಲಿ ತಡವರಿಸಿದರೆ ಅದು ಲಿಪಿಯ ಭಾರ. ನೀವು ಕಲಿಸುವ ರೀತಿ ಕೆಟ್ಟಿಲ್ಲ. ಮಗು ಬರೆದ ತಪ್ಪುಗಳನ್ನು ಅಕ್ಷರ ಬಿಡದೆ ಗುರುತಿಟ್ಟ ತಾಯಿ ಒಳ್ಳೆಯ ಶಿಕ್ಷಕಿಯೇ ಸರಿ.

ಕಲಘಟಗಿಯ ತಾಯಿ: ನಾಲ್ಕು ವರ್ಷದ ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಬದಲಿಸಬೇಕೇ?

ಅಕ್ಕೋರು: ಬೇಡ.

ರಾಣೇಬೆನ್ನೂರಿನ ಹಿರಿಯರು: ಹಾವೇರಿಯ ತಾಯಿಯ ಗಮನಕ್ಕೆ. ನನಗೆ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ. ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಸಿ ಏಳು ದಿನ ಮೂರು ಮೂರು ಹನಿ ಕಿವಿಗೆ ಬಿಡಬೇಕು, ಬಜೆಯನ್ನು ತೇದು ಜೇನಿನಲ್ಲಿ ನೆಕ್ಕಿಸಬೇಕು. ಕಿವಿಯೂ ತೆರೆಯುತ್ತದೆ, ನಾಲಿಗೆಯೂ ತಿರುಗುತ್ತದೆ, ಬುದ್ಧಿಯೂ ಚುರುಕಾಗುತ್ತದೆ.

ಅಕ್ಕೋರು: ನಾನು ವೈದ್ಯೆಯಲ್ಲ, ಆದರೆ ಇಷ್ಟನ್ನು ಹೇಳಲು ವೈದ್ಯರೇ ಆಗಬೇಕಿಲ್ಲ. ದ್ರವ ಇರುವುದು ತಮಟೆಯ ಹಿಂದೆ, ನೀವು ಹಾಕುವ ಎಣ್ಣೆ ನಿಲ್ಲುವುದು ಅದರ ಮುಂದೆ. ತಮಟೆಯಲ್ಲಿ ತೂತಿದ್ದರಂತೂ ಎಣ್ಣೆ ಒಳಗಿಳಿದು ಸೋಂಕಾಗುತ್ತದೆ, ಬಿಸಿಯಿದ್ದರೆ ಸುಡುತ್ತದೆ. ಬಜೆಯಲ್ಲಿ ಅಸರೋನ್ ಎಂಬ ಹಾನಿಕರ ಅಂಶವಿರುವ ಕಾರಣ ಅಮೆರಿಕದಲ್ಲಿ 1968ರಿಂದಲೇ ಅದನ್ನು ಆಹಾರದಲ್ಲಿ ಸೇರಿಸುವುದಕ್ಕೆ ನಿಷೇಧವಿದೆ. ಹಾವೇರಿಯ ತಾಯಿಯವರು ಇವೆರಡನ್ನೂ ಮಾಡಬಾರದು. ಫಾರ್ವರ್ಡ್ ಹಾಕಬಾರದೆಂದು ಮೇಲೆಯೇ ಬರೆದಿದೆ.

ರಾಣೇಬೆನ್ನೂರಿನ ಹಿರಿಯರು: ನಾವೆಲ್ಲರೂ ಬಜೆ ನೆಕ್ಕಿಯೇ ಬೆಳೆದವರು. ಅಮೆರಿಕದವರ ಮಾತು ನಮಗೇಕೆ?

ಕೇಶ್ವಾಪುರದ ತಾಯಿ: ಕಾಕಾ, ನೀವು ಬೆಳೆದಿರಿ ಸರಿ, ಬೆಳೆಯದವರು ಬಂದು ಇಲ್ಲಿ ಬರೆಯುವುದಿಲ್ಲವಲ್ಲ.

ರಾಣೇಬೆನ್ನೂರಿನ ಹಿರಿಯರು: ಹಿರಿಯರೊಡನೆ ಮಾತನಾಡುವ ರೀತಿ ಇದಲ್ಲ. ಮಕ್ಕಳನ್ನು ಶಾಲೆಯಿಂದ ಬಿಡಿಸಿದರೆ ಮುಂದೆ ಅವರೂ ಹೀಗೆಯೇ ಆಗುತ್ತಾರೆ.

ಸಾಧನಕೇರಿಯ ತಂದೆ: ಹಿರಿಯರ ಕೊನೆಯ ಮಾತಿನಲ್ಲಿ ಅರ್ಥವಿದೆ. ನನ್ನ ಹೆಂಡತಿಯ ಒತ್ತಾಯಕ್ಕೆ ನಾನು ಈ ಬಳಗಕ್ಕೆ ಸೇರಿದ್ದೇನೆ. ನಾಲ್ಕು ಮಕ್ಕಳ ನಡುವೆ ಬಿದ್ದು ಎದ್ದು ಕಲಿಯುವುದನ್ನು ತಾಯಿಯ ಸೆರಗಿನ ಹಿಂದೆ ಕಲಿಯಲಾಗದು. ಅಲ್ಲದೆ ಇದು ಕಾನೂನಿಗೆ ವಿರುದ್ಧವೆಂದು ಕೇಳಿದ್ದೇನೆ.

ಕೇಶ್ವಾಪುರದ ತಾಯಿ: ನನ್ನ ಮಕ್ಕಳು ಬೆಳಗ್ಗೆ ಉಣಕಲ್ ಕೆರೆಯ ದಂಡೆಯಲ್ಲಿ ಹಕ್ಕಿ ನೋಡುತ್ತಾರೆ, ಸಂಜೆ ಓಣಿಯಲ್ಲಿ ಹತ್ತು ಮಕ್ಕಳೊಡನೆ ಲಗೋರಿ ಆಡುತ್ತಾರೆ. ಸೆರಗು ಹಿಡಿಯಲು ಅವರಿಗೆ ಪುರಸೊತ್ತಿಲ್ಲ.

ಸಾಧನಕೇರಿಯ ತಂದೆ: ಎಲ್ಲ ತಾಯಂದಿರಿಗೂ ನಿಮ್ಮಷ್ಟು ಬಿಡುವಿರುವುದಿಲ್ಲ.

ಕೇಶ್ವಾಪುರದ ತಾಯಿ: ಬಿಡುವು? ಬೆಳಗಿನ ನಾಲ್ಕಕ್ಕೆ ಎದ್ದು ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟ ಮೇಲೆ ನಾನು ಪಾಠಕ್ಕೆ ಕೂರುವುದು. ತಾವು ಎಷ್ಟು ಹೊತ್ತು ಕೂರುತ್ತೀರಿ?

ಅಕ್ಕೋರು: ಕಾನೂನಿನ ಮಾತಿಗೆ ಮಾತ್ರ ಉತ್ತರಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 10ನೆಯ ಕಲಮು 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆ. ಸೇರಿಸದ ಪಾಲಕರಿಗೆ ಇಂಥ ದಂಡವೆಂದು ಆ ಕಲಮು ಹೇಳಿಲ್ಲ. ಮನೆಶಾಲೆಗೆ ಅದರಲ್ಲಿ ಹೆಸರಿಟ್ಟು ಮಾನ್ಯತೆಯೂ ಇಲ್ಲ, ಹೆಸರಿಟ್ಟು ನಿಷೇಧವೂ ಇಲ್ಲ. ಆದ್ದರಿಂದ ಮಗುವಿನ ಜನನ ಪ್ರಮಾಣಪತ್ರ, ಹಳೆಯ ಶಾಲೆಯ ವರ್ಗಾವಣೆ ಪತ್ರ ಮತ್ತು ಅದು ಬರೆದ ನೋಟಬುಕ್ಕುಗಳನ್ನು ತಾರೀಖು ಹಾಕಿ ಜೋಪಾನವಾಗಿಡಿ. ಸೆರಗಿನ ಚರ್ಚೆಯನ್ನು ನೀವಿಬ್ಬರು ಬೇರೆಡೆ ಮಾಡಿಕೊಳ್ಳಿರಿ.

ನವಲಗುಂದದ ತಂದೆ: ಟ್ಯಾಬ್ ಕೊಡಿಸಬೇಕೆಂದಿದ್ದೇನೆ. ಯಾವ ಕಂಪನಿಯದು ಒಳ್ಳೆಯದು?

ಬ್ಯಾಡಗಿಯ ತಂದೆ: ಅಕ್ಕೋರೇ, ನಾನು ಮೆಣಸಿನಕಾಯಿ ವ್ಯಾಪಾರಸ್ಥ. ಹತ್ತು ವರ್ಷದ ಮಗ ತೂಕದ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾನೆ, ಪುಸ್ತಕದ ಭಿನ್ನರಾಶಿ ಕಂಡರೆ ಅಳುತ್ತಾನೆ.

ಅಕ್ಕೋರು: ಅವನಿಗೆ ಗಣಿತ ಬರುತ್ತದೆ, ಬರವಣಿಗೆಯ ಭಾಷೆ ಬರುವುದಿಲ್ಲ. ಅವನು ಬಾಯಲ್ಲಿ ಹೇಳಿದ ಲೆಕ್ಕವನ್ನು ನೀವು ಅವನೆದುರಿಗೆ ಬರೆಯಿರಿ. ಮುಕ್ಕಾಲು ಕಿಲೋ ಎಂದಾಗ 3/4 ಎಂದು ಚೀಲದ ಮೇಲೆಯೇ ಬರೆಯಲಿ. ಅನುಪಾತಕ್ಕೆ ಹುಬ್ಬಳ್ಳಿಯ ಬೆಂಗೇರಿಗೆ ಕರೆತನ್ನಿರಿ. ಅಲ್ಲಿಯ ಖಾದಿ ಸಂಘದಲ್ಲಿ ಹೊಲಿಯುವ ರಾಷ್ಟ್ರಧ್ವಜ ಒಂಬತ್ತು ಅಳತೆಗಳಲ್ಲಿ ಬರುತ್ತದೆ, ಎಲ್ಲಕ್ಕೂ ಉದ್ದ ಮತ್ತು ಎತ್ತರದ ಅನುಪಾತ 3:2. ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಎತ್ತರ. ಅತಿ ಚಿಕ್ಕದು 150, 100. ನಾನು ಕರೆದೊಯ್ದ ಹುಡುಗಿಯೊಬ್ಬಳು ಎರಡನ್ನೂ ಭಾಗಿಸಿ 42 ಪಟ್ಟು ಎಂದು ತಾನಾಗಿಯೇ ಕಂಡುಕೊಂಡಳು, ಆಮೇಲೆ ಬಟ್ಟೆ ಮಾತ್ರ 42 ಪಟ್ಟು ಸಾಲದು ಏಕೆ ಎಂದು ದಾರಿಯುದ್ದಕ್ಕೂ ಜಗಳ ತೆಗೆದಳು. ಮರಳುವಾಗ ರೈಲು ನಿಲ್ದಾಣದ 1507 ಮೀಟರಿನ ಪ್ಲಾಟ್‌ಫಾರ್ಮನ್ನು ಹೆಜ್ಜೆಗಳಲ್ಲಿ ಅಳೆಯಲಿ. ಚಪ್ಪಲಿ ಗಟ್ಟಿ ಇರಲಿ.

ಶಿಗ್ಗಾವಿಯ ತಾಯಿ: ಎನ್‌ಐಒಎಸ್ ಪರೀಕ್ಷೆಗೆ ಎಷ್ಟು ವರ್ಷ ಆಗಿರಬೇಕು ಅಕ್ಕೋರೇ?

ಅಕ್ಕೋರು: ಮೇಲೆ ಇದೆ.

ಕುಂದಗೋಳದ ತಂದೆ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ತರಗತಿಯೊಂದು ಬಂದಿದೆ, ಮಿಡ್‌ಬ್ರೈನ್ ಎನ್ನುತ್ತಾರೆ. ಹಾವೇರಿಯ ಹುಡುಗನಿಗೂ ಉಪಯೋಗವಾದೀತೇ?

ಅಕ್ಕೋರು: ಆ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ನೋಡುತ್ತಾರೆ. ಕಣ್ಣು ತೆರೆದು ಓದಲು ಕಷ್ಟಪಡುವವನಿಗೆ ಕಣ್ಣು ಕಟ್ಟಿ ಕಲಿಸಬೇಕೆಂದು ಕೇಳುವ ಮುನ್ನ ಒಂದು ನಿಮಿಷ ಯೋಚಿಸಬಹುದಿತ್ತು. ದುಡ್ಡು ಹೆಚ್ಚಾಗಿದ್ದರೆ ಕಥೆಪುಸ್ತಕ ಕೊಳ್ಳಿರಿ. ಪಠ್ಯಪುಸ್ತಕಗಳಂತೂ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಬಿಟ್ಟಿಯಾಗಿಯೇ ಸಿಗುತ್ತವೆ.

ರಾಣೇಬೆನ್ನೂರಿನ ಹಿರಿಯರು: ಎಲ್ಲರಿಗೂ ಬೈಯುವುದಾದರೆ ಪ್ರಶ್ನೋತ್ತರವೆಂದು ಏಕೆ ಕರೆಯಬೇಕು?

ನಿರ್ವಾಹಕರು: ಹಿರಿಯರೇ, ದಯವಿಟ್ಟು ಸಾಕು. ಎಣ್ಣೆಯ ಸಂದೇಶವನ್ನು ತೆಗೆದುಹಾಕಿದ್ದೇನೆ.

ನವಲಗುಂದದ ತಂದೆ: ಟ್ಯಾಬಿನ ಬಗ್ಗೆ ಯಾರೂ ಹೇಳಲಿಲ್ಲ.

ಹಾವೇರಿಯ ತಾಯಿ: ಅಕ್ಕೋರೇ, ಈಗಷ್ಟೇ ಪಿಸುಮಾತಿನ ಪ್ರಯೋಗ ಮಾಡಿದೆ. ಬಲಗಿವಿಯಲ್ಲಿ ಮೂರರಲ್ಲಿ ಎರಡು ಹೇಳಿದ, ಎಡಗಿವಿಯಲ್ಲಿ ಒಂದನ್ನೂ ಹೇಳಲಿಲ್ಲ. ನಾನು ಮಾತನಾಡಲೇ ಇಲ್ಲವೆಂದು ಅವನು ತಿರುಗಿ ನೋಡಿದ. ನಮ್ಮ ಮನೆಯವರು ಅಲ್ಲಿಯೇ ನಿಂತಿದ್ದರು, ಏನೂ ಮಾತನಾಡದೆ ಟಿವಿ ಆರಿಸಿದರು. ಗುರುವಾರ ಹುಬ್ಬಳ್ಳಿಗೆ ಬರುತ್ತೇವೆ. ಅಲ್ಲಿಯವರೆಗೆ ಪಾಠ ನಿಲ್ಲಿಸಲೇ?

ಅಕ್ಕೋರು: ನಿಲ್ಲಿಸಬೇಡಿ. ಅವನ ಎಡಗಡೆ ಕೂರುವ ರೂಢಿಯಿದ್ದರೆ ಬಿಡಿ, ಎದುರಿಗೆ ಕೂರಿರಿ, ಕಿಟಕಿಯ ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ತುಟಿ ಕಾಣಬೇಕು. ಮಿಕ್ಸರ್, ಫ್ಯಾನು ಬಂದಾಗಿರಲಿ. ಉಕ್ತಲೇಖನ ಬೇಡ, ಚೀಟಿಗಳು ಸಾಕು. ಗುರುವಾರ ‘ಹತಿರು’ ಬರೆದ ನೋಟಬುಕ್ಕನ್ನು ವೈದ್ಯರಿಗೆ ತೋರಿಸಿರಿ, ಮರೆಯಬೇಡಿ.

ಹಾವೇರಿಯ ತಾಯಿ: ಆಗಲಿ ಅಕ್ಕೋರೇ. ‘ಗದಗ’ ಚೀಟಿಯನ್ನು ಆಗಲೇ ಬರೆದೆ. ಹಿಂದು ಮುಂದು ಓದಿ ಎರಡು ಸಲ ನಕ್ಕ.