ಗುಂಪಿಗೆ ಬಂದ ಗಂಟಲಿನ ಫೋಟೊ

ಸವಿತಕ್ಕನಿಗೆ ಹೋದ ಶುಕ್ರವಾರ ಬೆಂಗಳೂರಿನಲ್ಲಿ ಟಾನ್ಸಿಲ್ ಆಪರೇಷನ್ ಆಯಿತು. ಬರುವ ಭಾನುವಾರ ತೀರ್ಥಹಳ್ಳಿಯಲ್ಲಿ ಲಲಿತತ್ತೆಯ ಹೊಸ ಮನೆಯ ಗೃಹಪ್ರವೇಶ. ಇಷ್ಟು ಗೊತ್ತಿದ್ದರೆ ಸಾಕು. ನಮ್ಮ ಕುಟುಂಬದ ಚಾಟ್ ಗುಂಪಿನ ಮಾತುಗಳನ್ನು ಇದ್ದ ಹಾಗೇ ಇಟ್ಟಿದ್ದೇನೆ, ನಡುನಡುವೆ ಬಂದ ಶುಭೋದಯದ ಹೂವುಗಳನ್ನು ಮಾತ್ರ ಕಿತ್ತಿದ್ದೇನೆ. ಸವಿತಕ್ಕ ಒಪ್ಪಿದ್ದಾಳೆ.

ಗುರುವಾರ, ಮಧ್ಯಾಹ್ನ 12:40

ಪ್ರಶಾಂತ ಭಾವ: 📷 ಫೋಟೊ

ಪ್ರಶಾಂತ ಭಾವ: ಡಾಕ್ಟ್ರೇ, ಎರಡೂ ಕಡೆ ಬೆಳ್ಳಗೆ ಕಟ್ಟಿದೆ. ಬಾಯಿ ವಾಸನೆಯೂ ಜಾಸ್ತಿ. ಇದು ಹೀಗೇ ಇರುತ್ತದಾ?

ದೊಡ್ಡಪ್ಪ: ಊಟಕ್ಕೆ ಕೂತಿದ್ದೆ. ಇದೇನಪ್ಪಾ ಇದು?

ಪ್ರಶಾಂತ ಭಾವ: ಅಯ್ಯೋ, ಡಾಕ್ಟರಿಗೆ ಕಳಿಸಲು ಹೋಗಿ ಇಲ್ಲಿಗೆ ಬಂತು. ಡಿಲೀಟ್ ಮಾಡುತ್ತೇನೆ.

ಲಲಿತತ್ತೆ: ಬೇಡಿ ಅಳಿಯಂದಿರೇ, ಇರಲಿ. ನಾನು ದೊಡ್ಡದು ಮಾಡಿ ನೋಡಿದೆ. ಅದು ಕೀವು.

ಲಲಿತತ್ತೆ: ನಡುವೆ ನೋಡಿ, ಕಿರುನಾಲಿಗೆ ಬೇರೆ ಬಿದ್ದಿದೆ. ಅದಕ್ಕೇ ಹುಡುಗಿಗೆ ನುಂಗಲು ಆಗುತ್ತಿಲ್ಲ. ಹೆಬ್ಬೆರಳಿಗೆ ಅರಿಶಿನ, ಉಪ್ಪು ಹಚ್ಚಿ ಮೇಲಕ್ಕೆ ಒತ್ತಿದರೆ ಸರಿಹೋಗುತ್ತದೆ. ಹಾಗೇ ಆ ಕೀವನ್ನೂ ಉಜ್ಜಿ ತೆಗೆಯಬೇಕು. ಭಾನುವಾರ ಇಲ್ಲಿಗೆ ಬರುತ್ತಾಳಲ್ಲ, ನಾನೇ ಮಾಡುತ್ತೇನೆ.

ಮೇಘನಾ (ಕಿವಿ-ಮೂಗು-ಗಂಟಲು ವಿಭಾಗದ ಪಿಜಿ ಡಾಕ್ಟರ್, ಹುಬ್ಬಳ್ಳಿ): ಅತ್ತೆ, ದಯವಿಟ್ಟು ಯಾರೂ ಅವಳ ಬಾಯಿಗೆ ಬೆರಳು ಹಾಕಬೇಡಿ!

ಮೇಘನಾ: ಅದು ಕೀವಲ್ಲ. ಟಾನ್ಸಿಲ್ ತೆಗೆದ ಜಾಗಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ಗಾಯ ತೆರೆದೇ ಇರುತ್ತದೆ, ತಾನಾಗಿ ತುಂಬಿಕೊಳ್ಳಬೇಕು. ಮಂಡಿ ತರಚಿದರೆ ಮೇಲೆ ಹಕ್ಕಳೆ ಕಟ್ಟುತ್ತದಲ್ಲ, ಇದೂ ಅದೇ. ಬಾಯಿಯೊಳಗೆ ಒದ್ದೆ ಇರುವುದರಿಂದ ಬೆಳ್ಳಗೆ, ಹಳದಿಯಾಗಿ ಕಾಣುತ್ತದೆ. ವಾಸನೆಯೂ ಅದರದ್ದೇ. ಉಜ್ಜಿದರೆ ಕೆಳಗಿನ ರಕ್ತನಾಳ ತೆರೆದುಕೊಳ್ಳಬಹುದು.

ಮೇಘನಾ: ಕಿರುನಾಲಿಗೆ ಬಿದ್ದಿಲ್ಲ, ಊದಿದೆ. ಪಕ್ಕದಲ್ಲೇ ಕತ್ತರಿಸಿದ್ದಾರೆ, ಉಸಿರಿನ ಕೊಳವೆ ಹಾಕಿ ತೆಗೆದಿದ್ದಾರೆ, ಊದದೆ ಇರುತ್ತದಾ? ಕೆಲವು ದಿನದಲ್ಲಿ ಇಳಿಯುತ್ತದೆ. ಉಸಿರಾಡಲು ಕಷ್ಟವಾದರೆ ಮಾತ್ರ ತಕ್ಷಣ ಆಸ್ಪತ್ರೆ.

ಲಲಿತತ್ತೆ: ನಮ್ಮ ಅಮ್ಮ ಊರಿನ ಅರ್ಧ ಮಕ್ಕಳಿಗೆ ಒತ್ತಿದ್ದಾರೆ. ನಿನಗೂ ನಾನು ಒತ್ತಿದ್ದೇನೆ. ಬದುಕಿದ್ದೀಯ ಅಲ್ವಾ?

ಮೇಘನಾ: ಬದುಕಿದ್ದೇನೆ. ಆವತ್ತು ನಿಮ್ಮ ಬೆರಳು ಕಚ್ಚಿದ್ದೂ ನೆನಪಿದೆ.

ಸವಿತಕ್ಕ: ಎಲ್ಲರಿಗೂ ನಮಸ್ಕಾರ. ಇದು ನನ್ನ ಗಂಟಲು. ಮಾತಾಡಲು ಆಗುತ್ತಿಲ್ಲ, ಟೈಪ್ ಮಾಡಬಲ್ಲೆ. ಸ್ವಲ್ಪ ಹುಷಾರಾಗಿರಿ.

ಸವಿತಕ್ಕ: ಮೇಘು, ಮೊದಲ ಎರಡು ದಿನ ಪರವಾಗಿಲ್ಲ ಅನಿಸಿತ್ತು. ಈಗ ಉಗುಳು ನುಂಗಿದರೂ ಕಿವಿಯ ತನಕ ಚುಚ್ಚುತ್ತದೆ. ರಾತ್ರಿ ಎದ್ದು ಕೂತು ಅಳುತ್ತೇನೆ.

ದೊಡ್ಡಪ್ಪ: ದಿನ ಕಳೆದ ಹಾಗೆ ನೋವು ಕಮ್ಮಿ ಆಗಬೇಕು. ಜಾಸ್ತಿ ಆಗುತ್ತಿದೆ ಅಂದರೆ ಏನೋ ಎಡವಟ್ಟು ಮಾಡಿದ್ದಾರೆ. ಬೇರೆ ಡಾಕ್ಟರಿಗೆ ತೋರಿಸಿ. ಕಿವಿಗೆ ಎರಡು ಹನಿ ಬೆಚ್ಚಗಿನ ಎಣ್ಣೆ ಬಿಡಿ.

ಮೇಘನಾ: ಎಣ್ಣೆ ಬೇಡ ದೊಡ್ಡಪ್ಪ. ಕಿವಿಗೆ ಏನೂ ಆಗಿಲ್ಲ. ಗಂಟಲಿಗೂ ನಡುಕಿವಿಗೂ ಒಂದೇ ನರದ ಕವಲು ಹೋಗುತ್ತದೆ. ಇಲ್ಲಿನ ನೋವು ಅಲ್ಲಿನದು ಅನಿಸುತ್ತದೆ. ಅಮ್ಮಂದಿರು ಮಗುವಿಗೆ ಕಿವಿನೋವು ಅಂತ ಕರೆತಂದರೆ ನಾವು ಗಂಟಲನ್ನೂ ನೋಡುವುದು ಅದಕ್ಕೇ.

ಮೇಘನಾ: ದೊಡ್ಡವರಲ್ಲಿ ಈ ನೋವು ಒಂದೇ ಸಮನೆ ಇಳಿಯುವುದಿಲ್ಲ. ಮೂರನೇ ದಿನದಿಂದ ಏಳನೇ ದಿನದ ತನಕ ಏರುತ್ತದೆ. ಆಮೇಲೆ ಆ ಬಿಳಿ ಪೊರೆ ಕಳಚುವಾಗ ಇನ್ನೊಮ್ಮೆ ಚುಚ್ಚುತ್ತದೆ. ಪೂರ್ತಿ ಸರಿಹೋಗಲು 10ರಿಂದ 14 ದಿನ. ಚಿಕ್ಕ ಮಕ್ಕಳು ಬೇಗ ಎದ್ದು ಓಡಾಡುತ್ತಾರೆ, ಅದನ್ನೇ ನೋಡಿ ಎಲ್ಲರೂ ಇದು ಸಣ್ಣ ಆಪರೇಷನ್ ಅಂದುಕೊಳ್ಳುತ್ತಾರೆ. ಅಕ್ಕ, ಮಾತ್ರೆ ಎಷ್ಟು ಹೊತ್ತಿಗೊಮ್ಮೆ ತಗೊಳ್ಳುತ್ತಿದ್ದೀಯ?

ಸವಿತಕ್ಕ: ಅಮ್ಮನನ್ನು ಕೇಳು.

(ಇಲ್ಲಿ ಗುಂಪು ಸ್ವಲ್ಪ ಹೊತ್ತು ಸುಮ್ಮನಾಯಿತು. ಶಾರದ ಚಿಕ್ಕಮ್ಮ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸುತ್ತಲೇ ಇತ್ತು.)

ಶಾರದ ಚಿಕ್ಕಮ್ಮ: ನಾನೇ ಬೇಡ ಅಂದೆ. ಹೊಟ್ಟೆಗೆ ಏನೂ ಹೋಗುತ್ತಿಲ್ಲ, ಬರೀ ಮಾತ್ರೆ ನುಂಗಿದರೆ ಉಷ್ಣ ಅಲ್ವಾ? ತೀರಾ ತಡೆಯಲು ಆಗದಿದ್ದಾಗ ಒಂದು ಕೊಡುತ್ತೇನೆ.

ಮೇಘನಾ: ಚಿಕ್ಕಮ್ಮ, ಅವಳು ರಾತ್ರಿ ಅಳುತ್ತಿರುವುದು ಅದಕ್ಕೇ. ನೋವು ಏರಿ ಕೂತ ಮೇಲೆ ಮಾತ್ರೆ ನುಂಗುವುದಕ್ಕೂ ಆಗುವುದಿಲ್ಲ. ನುಂಗದಿದ್ದರೆ ನೀರಿಲ್ಲ. ನೀರಿಲ್ಲದಿದ್ದರೆ ಗಂಟಲು ಒಣಗಿ ಇನ್ನೂ ನೋವು. ಡಾಕ್ಟರ್ ಬರೆದ ಹೊತ್ತಿಗೆ ಸರಿಯಾಗಿ ಕೊಡಿ, ನೋವು ಇರಲಿ ಬಿಡಲಿ. ರಾತ್ರಿಗೂ ಅಲಾರಂ ಇಡಿ. ಮಾತ್ರೆ ಕೊಟ್ಟು ಅರ್ಧ ಗಂಟೆ ಬಿಟ್ಟು ಊಟ ಕೊಡಿ. ಮಾತ್ರೆ ಇಳಿಯದಿದ್ದರೆ ಸಿರಪ್ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ.

ಮೇಘನಾ: ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ನೆಗಡಿ ಮಾತ್ರೆಯೊಳಗೂ ಅದು ಇರುತ್ತದೆ, ಲೆಕ್ಕಕ್ಕೆ ಹಿಡಿಯಿರಿ.

ದೊಡ್ಡಪ್ಪ: ಸಿರಪ್ ಯಾಕೆ? ನನ್ನ ಹತ್ತಿರ ಡಿಸ್ಪ್ರಿನ್ ಇದೆ. ನೀರಿನಲ್ಲಿ ಕರಗುತ್ತದೆ. ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ.

ಮೇಘನಾ: ದೊಡ್ಡಪ್ಪ, ಡಿಸ್ಪ್ರಿನ್ ಅಂದರೆ ಆಸ್ಪಿರಿನ್. ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಗಂಟಲಲ್ಲಿ ಎರಡು ಹಸಿ ಗಾಯ ಇಟ್ಟುಕೊಂಡು ಅದನ್ನು ಮುಟ್ಟಲೇಬಾರದು. ಪ್ರಶಾಂತ ಭಾವ, ಮನೆಯಲ್ಲಿದ್ದರೆ ಎತ್ತಿಡಿ.

ಪ್ರಶಾಂತ ಭಾವ: ಇದೆ. ಎತ್ತಿಟ್ಟೆ.

ಕಿರಣ (ಲೀಡ್ಸ್, ಬ್ರಿಟನ್): ಈಗ ಎದ್ದೆ. ಸವಿತಕ್ಕ, ನನಗೂ ಇಲ್ಲಿ ಇದೇ ಆಪರೇಷನ್ ಆಗಿತ್ತು. ನೀನು ಏನು ತಿನ್ನುತ್ತಿದ್ದೀಯ?

ಸವಿತಕ್ಕ: ಐಸ್‌ಕ್ರೀಂ. ತಣ್ಣಗಿನ ಗಂಜಿ. ಮತ್ತೆ ಐಸ್‌ಕ್ರೀಂ. ಜೀವನದಲ್ಲಿ ಇನ್ನೊಮ್ಮೆ ವೆನಿಲಾ ಮುಟ್ಟುವುದಿಲ್ಲ.

ಕಿರಣ: ಇಲ್ಲಿ ಕೊಡುವ ಚೀಟಿಯಲ್ಲಿ ಮಾಮೂಲಿ ಊಟ ಮಾಡಿ ಅಂತ ಇರುತ್ತದೆ. ಖಾರ ಮಾತ್ರ ಬೇಡ. ನನಗೆ ನರ್ಸ್ ಟೋಸ್ಟ್ ತಂದುಕೊಟ್ಟರು. ಚ್ಯೂಯಿಂಗ್ ಗಮ್ ಅಗಿಯಿರಿ ಅಂದರು.

ಲಲಿತತ್ತೆ: ಹಸಿ ಗಾಯಕ್ಕೆ ಒಣ ರೊಟ್ಟಿಯಾ? ಹಾಗಾದರೆ ನಾನು ಚಕ್ಕುಲಿ ಕಳಿಸಲಾ?

ದೊಡ್ಡಪ್ಪ: ಕೋಡುಬಳೆ ಕಳಿಸು. ಇನ್ನೂ ಗಟ್ಟಿ.

ಕಿರಣ: ನಗಬೇಡಿ. ಅಗಿದರೆ, ನುಂಗಿದರೆ ಗಂಟಲಿನ ಸ್ನಾಯು ಬಿಗಿದುಕೊಳ್ಳುವುದಿಲ್ಲ ಅಂತ ಅವರ ಲೆಕ್ಕ. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ನಾಲ್ಕನೇ ತುತ್ತಿಗೆ ಸಡಿಲ ಆಯಿತು.

ಲಲಿತತ್ತೆ: ಐಸ್‌ಕ್ರೀಂ ಇನ್ನೂ ಕೆಟ್ಟದ್ದು. ಥಂಡಿ. ಶೀತ ಆಗಿ ಕೆಮ್ಮು ಶುರುವಾದರೆ? ಬಿಸಿಬಿಸಿ ಮೆಣಸಿನ ಸಾರು ಕುಡಿಸಿ ಅತ್ತಿಗೆ.

ಸವಿತಕ್ಕ: ಸೋಮವಾರ ಸಾರು ಆಯಿತು ಅತ್ತೆ. ಸೋಮವಾರದ ಬಗ್ಗೆ ನಾನು ಮಾತಾಡಲಾರೆ.

ಮೇಘನಾ: ನಮ್ಮ ವಾರ್ಡಿನಲ್ಲೂ ತಣ್ಣಗಿನದು, ಮೆತ್ತಗಿನದು ಅಂತಲೇ ಹೇಳುತ್ತೇವೆ. ಕಿರಣನ ಕಡೆಯವರು ಬೇರೆ ಹೇಳುತ್ತಾರೆ. ಎರಡೂ ಕಡೆಯವರು ಒಪ್ಪುವುದು ಒಂದೇ: ಏನೂ ತಿನ್ನದೆ ಸುಮ್ಮನೆ ಮಲಗಿರಬೇಡ, ನುಂಗುತ್ತಿರು, ನೀರು ಕುಡಿಯುತ್ತಿರು. ಐಸ್‌ಕ್ರೀಮಿನಿಂದ ಶೀತ ಬರುವುದಿಲ್ಲ ಅತ್ತೆ. ಆದರೆ ಹಾಲಿನ ಪದಾರ್ಥ ತಿಂದರೆ ಗಂಟಲಲ್ಲಿ ಅಂಟಂಟು ಅನಿಸುತ್ತದೆ, ಅದಕ್ಕೆ ಆಮೇಲೆ ಒಂದು ಗುಟುಕು ನೀರು.

ಮೇಘನಾ: ಅಕ್ಕ, ಆರಿದ ರಾಗಿ ಅಂಬಲಿ, ಚೆನ್ನಾಗಿ ಹಿಸುಕಿದ ಮೊಸರನ್ನ, ಹಾಲಿನಲ್ಲಿ ನೆನೆದ ಇಡ್ಲಿ, ಎಳನೀರು ನೋಡು. ಕಿತ್ತಳೆ ರಸ, ಟೊಮೆಟೊ ಸಾರು ಉರಿಯುತ್ತವೆ. ಮೂತ್ರ ಗಾಢ ಹಳದಿ ಆದರೆ ನೀರು ಸಾಲುತ್ತಿಲ್ಲ ಅಂತ. 38 ಡಿಗ್ರಿ ಸೆಲ್ಸಿಯಸ್ ಮೀರಿ ಜ್ವರ ಬಂದರೆ ಡಾಕ್ಟರಿಗೆ ಫೋನ್ ಮಾಡು.

ದೊಡ್ಡಪ್ಪ: ಇಷ್ಟೆಲ್ಲಾ ಪಾಡು ಬೇಕಿತ್ತಾ ಅಂತ ನಾನು ಮೊದಲೇ ಕೇಳಿದ್ದೆ. 36ನೇ ವಯಸ್ಸಿಗೆ ಯಾರಾದರೂ ಟಾನ್ಸಿಲ್ ತೆಗೆಸುತ್ತಾರಾ? ದೇವರು ಸುಮ್ನೆ ಇಟ್ಟಿರುತ್ತಾನಾ? ರೋಗ ತಡೆಯುವ ಶಕ್ತಿ ಹೋಯಿತು.

ಕಿರಣ: ಆ ಕೆಲಸಕ್ಕೆ ಮೈಯಲ್ಲಿ ಬೇರೆ ಗ್ರಂಥಿಗಳೂ ಇವೆ ದೊಡ್ಡಪ್ಪ. ದೊಡ್ಡವರಿಗೆ ಈ ಆಪರೇಷನ್ ಬೇಕಾ ಅಂತ ಇಲ್ಲಿ ದೊಡ್ಡ ಅಧ್ಯಯನವೇ ಆಗಿದೆ. 2023ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬ್ರಿಟನ್ನಿನ 27 ಆಸ್ಪತ್ರೆ, 453 ಜನ. ಎರಡು ವರ್ಷದಲ್ಲಿ ಎಷ್ಟು ದಿನ ಗಂಟಲು ನೋವು ಬಂತು ಅಂತ ಎಣಿಸಿದರು. ಆಪರೇಷನ್ ಗುಂಪಿನಲ್ಲಿ ಮಧ್ಯದ ಲೆಕ್ಕ (ಅರ್ಧ ಜನಕ್ಕೆ ಅದಕ್ಕಿಂತ ಕಮ್ಮಿ, ಅರ್ಧ ಜನಕ್ಕೆ ಜಾಸ್ತಿ) 23 ದಿನ. ಮಾಡಿಸದೆ ಕಾದವರಲ್ಲಿ 30.

ದೊಡ್ಡಪ್ಪ: ಅಂದರೆ ಏಳು ದಿನದ ಲಾಭ. ಅದಕ್ಕೆ ಎರಡು ವಾರ ಮಲಗುವುದು. ಬ್ಯಾಂಕಿನಲ್ಲಿ ಇಂಥ ಲೆಕ್ಕ ತಂದಿದ್ದರೆ ನಾನು ಸಾಲ ಕೊಡುತ್ತಿರಲಿಲ್ಲ.

(ನಿಜ ಹೇಳಬೇಕೆಂದರೆ ಇದಕ್ಕೆ ಕಿರಣನ ಹತ್ತಿರ ಉತ್ತರ ಇರಲಿಲ್ಲ.)

ಸವಿತಕ್ಕ: ದೊಡ್ಡಪ್ಪ, ಅದು ಎಲ್ಲರನ್ನೂ ಸೇರಿಸಿದ ಲೆಕ್ಕ. ನನ್ನದು ಬೇರೆ. ಹೋದ ವರ್ಷ ಟಾನ್ಸಿಲ್ ಪಕ್ಕ ಕೀವು ತುಂಬಿ ಬಾಯಿ ತೆರೆಯಲು ಆಗಿರಲಿಲ್ಲ. ಸೂಜಿ ಹಾಕಿ ತೆಗೆದರು. ಅದು ನಿಜವಾದ ಕೀವು ಅತ್ತೆ. ಈ ವರ್ಷ ಮತ್ತೆ ಹಾಗೇ ಆಯಿತು. ತರಗತಿಯಲ್ಲಿ ದನಿಯೇ ನನ್ನ ಕೆಲಸ. ಇನ್ನೊಮ್ಮೆ ಆ ಸೂಜಿ ಬೇಡ ಅಂತ ನಾನೇ ಕೂತು ಯೋಚಿಸಿ ಒಪ್ಪಿದ್ದೇನೆ.

ಲಲಿತತ್ತೆ: ಸರಿ, ಆಗಿದ್ದು ಆಯಿತು. ಭಾನುವಾರ ಬೆಳಗ್ಗೆ 7:30ಕ್ಕೆ ಮುಹೂರ್ತ. ಶನಿವಾರ ಸಂಜೆಗೆ ಬಂದುಬಿಡಿ. ಅವಳು ಕಾರಿನಲ್ಲಿ ಮಲಗಿಕೊಂಡು ಬರಲಿ, ಇಲ್ಲಿ ಒಂದು ಕೋಣೆ ಬಿಟ್ಟುಕೊಡುತ್ತೇನೆ.

ಮೇಘನಾ: ಅತ್ತೆ, ಅವಳು ಬರಬಾರದು.

ಲಲಿತತ್ತೆ: ನೀನು ಹೇಳುವುದಾ ಅದನ್ನು?

ಮೇಘನಾ: ಹೌದು, ಬೈಯ್ದರೂ ಪರವಾಗಿಲ್ಲ. ಪೊರೆ ಕಳಚುವ ಹೊತ್ತು, ಐದನೇ ದಿನದಿಂದ ಹತ್ತನೇ ದಿನದ ತನಕ ರಕ್ತ ಬರುವ ಭಯ ಜಾಸ್ತಿ. ಭಾನುವಾರಕ್ಕೆ ಒಂಬತ್ತನೇ ದಿನ. ಕಿರಣ ಹೇಳಿದ ಅಧ್ಯಯನದಲ್ಲೇ ಆಪರೇಷನ್ ಆದವರಲ್ಲಿ ನೂರಕ್ಕೆ 19 ಜನರಿಗೆ ರಕ್ತ ಬಂದಿತ್ತು. ಬೆಂಗಳೂರಿನಿಂದ ತೀರ್ಥಹಳ್ಳಿಗೆ 350 ಕಿಲೋಮೀಟರ್.

ಲಲಿತತ್ತೆ: ಶಿವಮೊಗ್ಗದಲ್ಲಿ ಆಸ್ಪತ್ರೆ ಇಲ್ವಾ? ಆಗುಂಬೆ ಘಾಟಿ ಇಳಿದರೆ ಮಣಿಪಾಲ.

ಮೇಘನಾ: ಗಂಟಲಿನಿಂದ ರಕ್ತ ಬರುತ್ತಿರುವವರನ್ನು ಕೂರಿಸಿಕೊಂಡು ಆಗುಂಬೆಯ ತಿರುವು ಇಳಿಯುವುದಾ ಅತ್ತೆ? ಶಿವಮೊಗ್ಗಕ್ಕೂ ಒಂದು ಗಂಟೆಗಿಂತ ಜಾಸ್ತಿ. ನಾನು ರಾತ್ರಿ ಡ್ಯೂಟಿಯಲ್ಲಿ ಇಂಥವರನ್ನು ನೋಡಿದ್ದೇನೆ. ಕೆಲವರಿಗೆ ತಾನೇ ನಿಲ್ಲುತ್ತದೆ. ಕೆಲವರನ್ನು ಮತ್ತೆ ಆಪರೇಷನ್ ಕೋಣೆಗೆ ಒಯ್ಯಬೇಕಾಗುತ್ತದೆ. ಯಾರಿಗೆ ಯಾವುದು ಅಂತ ಮೊದಲೇ ಹೇಳಲು ಆಗುವುದಿಲ್ಲ.

ಮೇಘನಾ: ಪ್ರಶಾಂತ ಭಾವ, ಕೆಂಪು ರಕ್ತ ಕಂಡರೆ ನೆಟ್ಟಗೆ ಕೂರಿಸಿ. ನುಂಗದೆ ಪಾತ್ರೆಗೆ ಉಗುಳಲಿ, ಎಷ್ಟು ಹೋಯಿತು ಅಂತ ಗೊತ್ತಾಗಬೇಕು. ನಿದ್ದೆಯಲ್ಲಿ ಪದೇ ಪದೇ ನುಂಗುತ್ತಿದ್ದರೆ ಎಬ್ಬಿಸಿ ಬಾಯಿ ನೋಡಿ. ನಿಂತುಹೋಯಿತು ಅಂತ ಮನೆಯಲ್ಲಿ ಕೂರಬೇಡಿ, ಆಪರೇಷನ್ ಆದ ಆಸ್ಪತ್ರೆಗೇ ಹೋಗಿ. ರಾತ್ರಿ ಅಲ್ಲಿ ಯಾರಿರುತ್ತಾರೆ ಅಂತ ಇವತ್ತೇ ಕೇಳಿಟ್ಟುಕೊಳ್ಳಿ.

ಶಾರದ ಚಿಕ್ಕಮ್ಮ: ಲಲಿತಾ, ನಾನೂ ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಲಲಿತತ್ತೆ: ಮನೆ ಕಟ್ಟಲು ಮೂರು ವರ್ಷ ಒದ್ದಾಡಿದ್ದೇನೆ ಅತ್ತಿಗೆ. ತವರಿನ ಕಡೆಯಿಂದ ಯಾರೂ ಇಲ್ಲದೆ ಹಾಲು ಉಕ್ಕಿಸಲಾ?

ಸವಿತಕ್ಕ: ಅತ್ತೆ, ದೊಡ್ಡಪ್ಪ ಬರುತ್ತಾರೆ. ನಾನು ವಿಡಿಯೋ ಕರೆಯಲ್ಲಿ ನೋಡುತ್ತೇನೆ. ನೀವು ಬೈಯ್ದರೆ ತಿರುಗಿ ಮಾತಾಡಲೂ ಆಗುವುದಿಲ್ಲ, ಇಂಥ ಅವಕಾಶ ಮತ್ತೆ ಸಿಗಲ್ಲ.

ಲಲಿತತ್ತೆ: ಹಾಲು ಉಕ್ಕುವಾಗ ಕರೆ ಮಾಡುತ್ತೇನೆ. ಎದ್ದಿರಬೇಕು. ಆ ಹುಡುಗಿ ಹೇಳಿದ ಮಾತ್ರೆ 7 ಗಂಟೆಗೇ ತಗೊಂಡು ಕೂರು.

ಮೇಘನಾ: ಥ್ಯಾಂಕ್ಸ್ ಅತ್ತೆ.

ಲಲಿತತ್ತೆ: ನಿನ್ನ ಹತ್ತಿರ ನಾನು ಮಾತಾಡುತ್ತಿಲ್ಲ.

ದೊಡ್ಡಪ್ಪ: ಒಂದು ನಿಮಿಷ. ಪ್ರಶಾಂತನ ಕಾರು ಶಿವಮೊಗ್ಗದಲ್ಲಿ ನನ್ನನ್ನು ಹತ್ತಿಸಿಕೊಂಡು ಹೋಗುವುದು ಅಂತ ಆಗಿತ್ತಲ್ಲ. ಈಗ ನಾನು ಹೇಗೆ ಹೋಗಲಿ?

ಲಲಿತತ್ತೆ: ಬಸ್ಸಿಗೆ ಬಾ ಅಣ್ಣ. ಬರುವಾಗ ಬಾಳೆ ಎಲೆ ತಗೊಂಡು ಬಾ, ಇಲ್ಲಿ ಮಳೆಗೆ ಎಲ್ಲಾ ಹರಿದಿವೆ.