ಸಹಾಯ ಬೇಕು: ಸ್ಟಾಲ್ ಆದಾಗ ರೆಕ್ಕೆ ವಾಲಿದರೆ ಗಾಬರಿಯಾಗುವ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಹಾರಾಟ ಕಲಿಸುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಸ್ಟಾಲ್ (ರೆಕ್ಕೆಯ ಎತ್ತುವ ಬಲ ತಟ್ಟನೆ ಕುಸಿಯುವುದು) ಪಾಠ ನೆಲದ ಮೇಲೆ ಬಾಯಿಪಾಠ: ಮೂಗು ತಗ್ಗಿಸು, ಪೂರ್ತಿ ಪವರ್ ಕೊಡು, ಬಾಲದ ಚುಕ್ಕಾಣಿಯಾದ ರಡ್ಡರ್‌ನಿಂದ ನೇರವಾಗಿಡು. ಆದರೆ 4,000 ಅಡಿ ಎತ್ತರದಲ್ಲಿ ಸ್ಟಾಲ್ ಎಚ್ಚರಿಕೆಯ ಹಾರ್ನ್ ಪೀಪಿಯಂತೆ ಕೂಗಿ ಎಡರೆಕ್ಕೆ ವಾಲಿದೊಡನೆ, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಯೋಕ್ (ವಿಮಾನದ ಸ್ಟಿಯರಿಂಗ್) ಹಿಡಿದು ಬಲಕ್ಕೆ ತಿರುಗಿಸಿಬಿಡುತ್ತಾಳೆ. ಆಗ ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿಯಾದ ಐಲರಾನ್‌ನಿಂದ ವಾಲಿದ ರೆಕ್ಕೆ ಗಾಳಿಗೆ ಎದುರಾಗುವ ಕೋನ ಇನ್ನೂ ಹೆಚ್ಚಿ, ವಿಮಾನ ಗಿರಗಿರನೆ ಸುತ್ತುತ್ತ ಕೆಳಗಿಳಿಯುವ ಸ್ಪಿನ್‌ಗೆ ಜಾರಬಹುದು. ಅದೇ ನನ್ನ ಆತಂಕ. ಸ್ಟಾಲ್‌ಗೆ ಮೂಲ ಕಾರಣ ಆ ಕೋನ, ವೇಗವಲ್ಲ ಎಂದು ಎಷ್ಟು ಹೇಳಿದರೂ ಅವಳ ಕಣ್ಣು ವೇಗದ ಮುಳ್ಳನ್ನು ಬಿಟ್ಟು ಕದಲುವುದಿಲ್ಲ. ಬಹಳ ಶ್ರದ್ಧೆಯ ಹುಡುಗಿ, ಭಯದಿಂದ ಕಲಿಕೆ ಬಿಡಬಾರದು. ನಿಧಾನಗತಿಯ ಹಾರಾಟವನ್ನೇ ಇನ್ನಷ್ಟು ದಿನ ಮಾಡಿಸಲೇ, ಇಲ್ಲವೇ ರಡ್ಡರ್ ಅಭ್ಯಾಸವನ್ನೇ ಬೇರೆಯಾಗಿ ಕೊಡಲೇ? ಅನುಭವಿ ಬೋಧಕರು ದಯವಿಟ್ಟು ತಿಳಿಸಿ.